ಬಾರದವರ ಲೆಕ್ಕ

ನಮ್ಮ ಬಾಮೈದ ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿದನೆಂದರೆ ಎರಡರಲ್ಲೊಂದು ಖಂಡಿತ. ಒಂದೋ ಹಲಸಿನಹಣ್ಣು ತಂದಿರುತ್ತಾನೆ, ಇಲ್ಲವೋ ಅರ್ಜಿ ಬರೆಸಿಕೊಳ್ಳಲು ಬಂದಿರುತ್ತಾನೆ. ಆಷಾಢದ ಆ ಸಂಜೆ ಎರಡೂ ಕೂಡಿ ಬಂದಿದ್ದವು. ಹೆಗಲ ಮೇಲೆ ಗೋಣಿಚೀಲ, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿದ ಒಂದು ಉದ್ದನೆಯ ನೋಟ್‌ಬುಕ್ಕು. ಚೀಲವನ್ನು ಅಡುಗೆಮನೆ ಬಾಗಿಲಲ್ಲಿ ಇಳಿಸಿ, ಅವರಕ್ಕ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಮುಗಿಸಿ, "ಭಾವ, ಪರಿಹಾರಕ್ಕೆ ಹಾಕ್ಬೇಕು ಕಣಿ. ಬರ್ಕೊಡಿ" ಅಂದ.

"ಯಾತರದ್ದು? ಬೆಳೆಯದೋ, ದನದ್ದೋ?"

"ಬರ್ದೆ ಹೋದೋರ್ದು."

ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ, ಅದರಲ್ಲಿ ಹೆಚ್ಚುಪಾಲು ಪರಿಹಾರದ ಕಡತಗಳಿಗೆ ದಾರ ಕಟ್ಟುವುದರಲ್ಲೇ ಕಳೆದವನು ನಾನು. ಸತ್ತವರ ಪರಿಹಾರ ಗೊತ್ತು, ಬಿದ್ದ ಮನೆಯದು ಗೊತ್ತು, ಆನೆ ತುಳಿದ ಬಾಳೆಯದು ಗೊತ್ತು. ಬರದೆ ಹೋದವರ ಪರಿಹಾರದ ಕಡತ ಮಾತ್ರ ನನ್ನ ಮೇಜಿಗೆ ಎಂದೂ ಬಂದಿರಲಿಲ್ಲ.

ವಿಷಯ ಇಷ್ಟು. ಕನಕಪುರದಿಂದ ಕೆಳಕ್ಕೆ, ಅರ್ಕಾವತಿಗೆ ಎರಡು ಹೊಲದಷ್ಟು ದೂರದಲ್ಲಿ ಬಾಮೈದನ ಹಿಪ್ಪುನೇರಳೆ ತೋಟ. ಹುಳ ಸಾಕುವ ಮನೆಯ ಪಕ್ಕದಲ್ಲಿ ಕೆಲವು ವರ್ಷದ ಕೆಳಗೆ ಎರಡು ಕೋಣೆ ಎಬ್ಬಿಸಿ, ಮಂಗಳೂರು ಹೆಂಚು ಹೊದಿಸಿ, ಜಗಲಿಗೆ ಕೆಂಪು ಗಾರೆ ಬಳಿದು ಹೋಂಸ್ಟೇ ಮಾಡಿದ. ಬೋರ್ಡಿನ ಹೆಸರು ಇಂಗ್ಲಿಷಿನಲ್ಲಿದೆ. ಅದರಲ್ಲಿ ನದಿಯೂ ಉಂಟು, ಪಿಸುಮಾತೂ ಉಂಟು. ಶನಿವಾರ, ಭಾನುವಾರ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಕಾರು ಮಾಡಿಕೊಂಡು ಬರುವರು. ಚುಂಚಿ ಜಲಪಾತ, ಸಂಗಮ, ಮೇಕೆದಾಟು ನೋಡಿ ಬಂದು ಜಗಲಿಯಲ್ಲಿ ಕೂತು ಮುದ್ದೆ, ನಾಟಿಕೋಳಿ ಸಾರು ಹೊಡೆದು, ಬಾಮೈದನ ಹೆಂಡತಿಯ ಕೈಗುಣವನ್ನು ಮೊಬೈಲಿನಲ್ಲಿ ನಕ್ಷತ್ರ ಹಾಕಿ ಹೊಗಳಿ ಹೋಗುವರು. "ಇಲ್ಲೆಲ್ಲಾದರೂ ಶೋಲೆ ಶೂಟಿಂಗ್ ಆಗಿದೆಯಾ?" ಎಂದು ಪ್ರತಿ ತಂಡದಲ್ಲೂ ಒಬ್ಬ ಕೇಳುತ್ತಾನಂತೆ. 1973ರಲ್ಲಿ ಶುರುವಾದ ಆ ಶೂಟಿಂಗು ನಡೆದದ್ದು ರಾಮನಗರದ ರಾಮದೇವರ ಬೆಟ್ಟದ ತಪ್ಪಲಲ್ಲಿ. ಕನಕಪುರಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮವನಿಗೆ ಅದೆಲ್ಲ ಅಡ್ಡಿಯಲ್ಲ. ಹೊಳೆಯಂಚಿನ ಒಂದು ಗುಂಡುಕಲ್ಲು ತೋರಿಸಿ, "ಗಬ್ಬರ್ ಸಿಂಗು ಒಂದಿನ ಮಧ್ಯಾಹ್ನ ಊಟ ಆದ್ಮೇಲೆ ಇಲ್ಲಿ ಬಂದು ಒರಗಿದ್ನಂತೆ" ಎನ್ನುತ್ತಾನೆ. ಸುಳ್ಳು ಎಂದು ಕೇಳಿದವನಿಗೂ ಗೊತ್ತು. ಆದರೂ ಕಲ್ಲಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾನೆ.

ಹೀಗೆ ನಡೆದಿದ್ದ ಸಂಸಾರಕ್ಕೆ ಮೇ ತಿಂಗಳ ಮುಂಗಾರು ಪೂರ್ವ ಮಳೆ ನೀರೆರಚಿತು. ನೀರಲ್ಲ, ನೊರೆ. ರಾತ್ರಿ ಬೆಂಗಳೂರಿನಲ್ಲಿ ಗುಡುಗಿದ್ದು ಬೆಳಗ್ಗೆ ಇವರ ಹೊಳೆಯಲ್ಲಿ ಬಿಳಿಯ ಹತ್ತಿಯಂತೆ ತೇಲಿ ಬಂತು. ಚೆಕ್ ಡ್ಯಾಮಿನ ಕೆಳಗೆ ಆಳೆತ್ತರ ನೊರೆ. ಗಾಳಿ ಬೀಸಿದರೆ ಅದು ಹಾರಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ವಾಸನೆ ಎಂಥದ್ದೆಂದರೆ, ಬಾಮೈದನ ಮಾತಲ್ಲೇ ಹೇಳುವುದಾದರೆ, "ಹುಳದ್ ಮನೆ ವಾಸ್ನೆನೇ ಸೆಂಟು ಹಂಗಿತ್ತು."

ಶನಿವಾರ ಎರಡೂ ಕೋಣೆಗೆ ಬುಕಿಂಗು. ಎಂಟು ಜನಕ್ಕೆ ಮುದ್ದೆ ತಿರುವಿಯಾಗಿತ್ತು. ಎರಡು ನಾಟಿಕೋಳಿ ಆ ಹೊತ್ತಿಗೆ ಸಾರಿನಲ್ಲಿದ್ದವು. ಕಾರು ಬಂತು. ಗೇಟಿನ ಮುಂದೆ ಗಾಜು ಇಳಿಯಿತು. ಒಳಗಿದ್ದ ಹೆಣ್ಣುಮಗಳು ಒಂದು ಸಲ ಉಸಿರೆಳೆದುಕೊಂಡಳು. ಗಾಜು ಏರಿತು. ಕಾರು ಹಿಂದಕ್ಕೆ ಸರಿದು, ತಿರುವಿನಲ್ಲಿ ಒಂದು ಹಾರನ್ ಹೊಡೆದು ಹೋಯಿತು. "ಆ ಹಾರನ್ ಯಾಕೆ ಹೊಡುದ್ರು ಅಂತ ಇವತ್ತಿಗೂ ಗೊತ್ತಾಗ್ನಿಲ್ಲ ಭಾವ. ಸಾರಿ ಅಂತಲೋ, ಟಾಟಾ ಅಂತಲೋ." ಮನೆಯವರೆಲ್ಲ ಎರಡು ದಿನ ನಾಟಿಕೋಳಿ ಸಾರು ತಿಂದರು. ಮೂರನೆಯ ದಿನ ಮೊಬೈಲಿನಲ್ಲಿ ಒಂದೇ ನಕ್ಷತ್ರ ಬಿತ್ತು. ಅಲ್ಲಿಂದಾಚೆಗೆ ಶನಿವಾರಗಳು ಬಂದವು, ಜನ ಬರಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಭಾಷೆಯಲ್ಲಿ ಈ ಪರಿಹಾರ ಎನ್ನುವ ಶಬ್ದ ಬಹಳ ಮೋಸದ್ದು. ಜೋಯಿಸರ ಹತ್ತಿರ ಹೋದರೆ ಶನಿಯ ಕಾಟಕ್ಕೆ ಪರಿಹಾರ ಹೇಳುತ್ತಾರೆ. ಮೇಷ್ಟ್ರು ಲೆಕ್ಕಕ್ಕೆ ಪರಿಹಾರ ಬರೆಯಿರಿ ಎನ್ನುತ್ತಾರೆ. ಸರ್ಕಾರವೂ ಪರಿಹಾರ ಕೊಡುತ್ತದೆ. ಮೊದಲಿನ ಎರಡರಲ್ಲಿ ತೊಂದರೆ ತೊಲಗಬೇಕು, ಇಲ್ಲವೇ ಉತ್ತರ ಸಿಗಬೇಕು. ಮೂರನೆಯದರಲ್ಲಿ ತೊಂದರೆ ಇದ್ದಲ್ಲೇ ಇರುತ್ತದೆ, ಚೆಕ್ಕು ಮಾತ್ರ ಬರುತ್ತದೆ. ನಾನು ಕೆಲಸದಲ್ಲಿದ್ದಾಗ ಅಜ್ಜಿಯೊಬ್ಬಳು ಕೌಂಟರಿನಲ್ಲಿ ನಿಂತು, "ಪರಿಹಾರ ಕೊಟ್ರಿ ಸರಿ, ಈಗ ಪರಿಹಾರ ಏನು ಯೋಳಿ" ಎಂದು ಕೇಳಿದ್ದಳು. ನಾನು ಅದಕ್ಕೊಂದು ಹಿಂಬರಹ ಕೊಟ್ಟು ಕಳಿಸಿದ್ದೆ.

ಬಾಮೈದನಿಗೆ ಮೊದಲು ದರಪಟ್ಟಿಯ ಪಾಠ ಮಾಡಿದೆ. ಪ್ರಕೃತಿ ವಿಕೋಪಕ್ಕೆ ಕೇಂದ್ರ ಸರ್ಕಾರ 2022ರಿಂದ 2026ರವರೆಗೆ ಗೊತ್ತು ಮಾಡಿದ ಪಟ್ಟಿ ಒಂದುಂಟು. ಹಾಲು ಕರೆಯುವ ಹಸು ಎಮ್ಮೆ ಸತ್ತರೆ 37,500 ರೂಪಾಯಿ. ಕುರಿ ಮೇಕೆಗೆ 4,000. ಕೋಳಿಗೆ 100. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದ ಬಹುವಾರ್ಷಿಕ ಬೆಳೆಗೆ 22,500, ಹಿಪ್ಪುನೇರಳೆಗೆ 6,000. ಅದೂ ಶೇಕಡಾ 33ರಷ್ಟಾದರೂ ಹಾಳಾಗಿರಬೇಕು. ಕುಶಲಕರ್ಮಿಯ ಹತ್ಯಾರು ಹಾಳಾದರೆ 5,000, ಕಚ್ಚಾಮಾಲು ಹೋದರೆ ಇನ್ನೊಂದು 5,000. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮೇಲೆ ಒಂದಿಷ್ಟು ಸೇರಿಸಬಹುದು.

"ಕೋಳಿಗೆ ನೂರಾ?" ಎಂದು ಬಾಮೈದ ಕಣ್ಣರಳಿಸಿದ. "ನಾಟಿಗೂ ನೂರು, ಫಾರಂಗೂ ನೂರಾ?"

"ಪಟ್ಟಿಯಲ್ಲಿ ಜಾತಿ ಕೇಳಿಲ್ಲ."

"ಮತ್ತೆ ನಮ್ ಎರಡ್ ಕೋಳಿ?"

"ಅವು ನೊರೆಯಿಂದ ಸತ್ತಿದ್ದಲ್ಲ. ನಿನ್ನ ಹೆಂಡತಿ ಕೊಯ್ದಿದ್ದು. ಮೇಲಾಗಿ ತಿಂದವರು ನೀವೇ."

ಈ ಪಟ್ಟಿಯ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು 2022ರ ಆಗಸ್ಟ್ ಕೊನೆಯಲ್ಲಿ. ರಾಮನಗರದಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ ಸುರಿದು, ಬಕ್ಷಿಕೆರೆ ಒಡೆದು ನೀರು ಬಡಾವಣೆಗಳಿಗೆ ನುಗ್ಗಿತು. ಸಂಗಬಸವನದೊಡ್ಡಿಯ ಹತ್ತಿರ ಹೊಸ ಹೆದ್ದಾರಿಯೇ ಹೊಳೆಯಾಯಿತು, ಬಸ್ಸು ಕಾರುಗಳು ಕತ್ತಿನವರೆಗೆ ಮುಳುಗಿ ನಿಂತವು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರು ಅದು. ಗಲ್ಲಿ ಗಲ್ಲಿಯಲ್ಲಿ ನೂಲು ಬಿಚ್ಚುವ ಮನೆಗಳು. ಗೂಡು ನೆನೆಯಿತು, ಮೋಟಾರು ಕೆಟ್ಟಿತು, ಅದನ್ನೆಲ್ಲ ಪಂಚರ ಮುಂದೆ ಮಹಜರು ಮಾಡಿ ಬರೆಯಬಹುದು. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ತೂಕಕ್ಕೆ ಹಾಕಬಹುದು. ಆದರೆ ಆಮೇಲಿನ ಹದಿನೈದು ದಿನ ಚರಕ ತಿರುಗದೆ ಹೋದ ಕೂಲಿ? ಅದು ಯಾವ ಮಹಜರಿಗೂ ಬಾರದು. ಹೋದದ್ದಕ್ಕೆ ನಮ್ಮಲ್ಲಿ ಕಾಲಂ ಇದೆ, ಬಾರದ್ದಕ್ಕೆ ಕಾಲಂ ಇಲ್ಲ.

ಇದನ್ನು ಇನ್ನೂ ಚೆನ್ನಾಗಿ ಬಲ್ಲವರು ಚನ್ನಪಟ್ಟಣದವರು. ನಾನು ಹುಟ್ಟಿದೂರು ಅದೇ. ನಮ್ಮ ಬೀದಿಯಲ್ಲಿ ಆಲೆಮರದ ತುಂಡು ಪಟ್ಟಡಿಯಲ್ಲಿ ತಿರುಗಿ, ಅರಗಿನ ಬಣ್ಣ ಕಾವಿಗೆ ಕರಗಿ ಮೈಗೆ ಹತ್ತಿ, ತಾಳೆಗರಿಯಿಂದ ಉಜ್ಜಿದಾಗ ಫಳಫಳ ಹೊಳೆಯುವುದನ್ನು ನೋಡುತ್ತಲೇ ನಾವೆಲ್ಲ ಬೆಳೆದೆವು. ಆ ಗೊಂಬೆಗಳು ಸಾಲಾಗಿ ಕೂರುತ್ತಿದ್ದದ್ದು ಬೆಂಗಳೂರು ಮೈಸೂರು ರಸ್ತೆಯ ಅಂಗಡಿಗಳಲ್ಲಿ. ಮೈಸೂರಿಗೆ ಹೋಗುವವರು ಹೋಗುವಾಗ ಇಡ್ಲಿಗೆ, ಬರುವಾಗ ಗೊಂಬೆಗೆ ನಿಲ್ಲಿಸುವರು. ಮಗು ಅತ್ತರಂತೂ ಎರಡು ಸಲ. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರು ದಾರಿ, ಒಂದೂವರೆ ಗಂಟೆಯಲ್ಲಿ ಮೈಸೂರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ರಸ್ತೆ ಓಡಿತು. ನಮ್ಮೂರಿನ ಯಾವ ಗೋಡೆಯೂ ಬೀಳಲಿಲ್ಲ, ಯಾವ ಗೊಂಬೆಯೂ ಒಡೆಯಲಿಲ್ಲ. ಗಿರಾಕಿ ಮಾತ್ರ ಬರಲಿಲ್ಲ. ನಾಗೇಗೌಡರು ಕಟ್ಟಿದ ಜಾನಪದ ಲೋಕ ಹಳೆಯ ರಸ್ತೆಯಂಚಿನಲ್ಲೇ ಇದೆ. ಮೊದಲು ದಾರಿಯಲ್ಲಿ ಸಿಗುತ್ತಿತ್ತು, ಈಗ ಹುಡುಕಿಕೊಂಡು ಹೋಗಬೇಕು.

ಕಾನೂನಿನಲ್ಲಿ ಇಲ್ಲೊಂದು ತಮಾಷೆಯಿದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ರಸ್ತೆಗೆ ಭೂಮಿ ಕಳೆದುಕೊಂಡವನ ಗಳಿಕೆಗೆ ಪೆಟ್ಟು ಬಿದ್ದರೆ ಅದನ್ನೂ ಪರಿಹಾರದಲ್ಲಿ ಎಣಿಸಬೇಕು. ಅಂದರೆ ಅಂಗಡಿಯ ಮುಂದಿನ ಅರ್ಧ ಗುಂಟೆ ರಸ್ತೆಗೆ ಹೋದವನು ತನ್ನ ವ್ಯಾಪಾರ ಕುಸಿಯಿತು ಎಂದು ಬಾಯಿ ಬಿಡಬಹುದು. ಅಂಗಡಿ ಪೂರ್ತಿ ಉಳಿದು, ಎದುರಿನ ರಸ್ತೆಯಲ್ಲಿ ಓಡಾಡುತ್ತಿದ್ದ ಗಾಡಿಗಳೇ ಹೊರಟುಹೋದರೆ ಬಾಯಿ ಬಿಡುವಂತಿಲ್ಲ. ಜಾಗ ಹೋದರೆ ನಷ್ಟ, ಜನ ಹೋದರೆ ಹಣೆಬರಹ.

"ಹಂಗಾದ್ರೆ ನಂದು ಹಣೆಬರಹನಾ?" ಎಂದ ಬಾಮೈದ. ಅಷ್ಟರಲ್ಲಿ ಅವರಕ್ಕ ಹಲಸಿನ ತೊಳೆ ಬಿಡಿಸಿ ತಂದಿಟ್ಟಳು. ಹಲಸಿನ ಮುಂದೆ ಕಾನೂನು ನಿಲ್ಲುವುದಿಲ್ಲ. ಅರ್ಧ ತಟ್ಟೆ ಮುಗಿಯುವವರೆಗೆ ಮಾತು ನಿಂತಿತು.

ತಟ್ಟೆ ಖಾಲಿಯಾಗುವ ಹೊತ್ತಿಗೆ ನನಗೆ ಹ್ಯೂಸ್ಟನ್ನಿನಲ್ಲಿರುವ ಅಕ್ಕನ ಮಗನ ನೆನಪಾಯಿತು. ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಹಿಂದೊಮ್ಮೆ ಅವನು ಒಂದು ಕಥೆ ಹೇಳಿದ್ದ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಕೊರೆಯುವ ಅಟ್ಟಣೆ ಸಿಡಿದು ಹನ್ನೊಂದು ಜನ ಸತ್ತರು. ಕಡಲ ತಳದ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಅಲಬಾಮ ರಾಜ್ಯದ ಗಲ್ಫ್ ಶೋರ್ಸ್ ಎಂಬ ಕಡಲೂರಿನಲ್ಲಿ ಜನ ತಮ್ಮ ಫ್ಲಾಟುಗಳನ್ನು ಬೇಸಗೆಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ನಮ್ಮ ಹುಡುಗ ಜೂನ್ ತಿಂಗಳಿಗೆ ಅಲ್ಲೊಂದು ಹಿಡಿದಿದ್ದನಂತೆ. ಮೇ ಮೊದಲ ವಾರದಲ್ಲೇ ಬೇಡ ಅಂದುಬಿಟ್ಟ. "ಆಗ ಅಲ್ಲಿಯ ಮರಳಿಗೆ ಒಂದು ತೊಟ್ಟು ಎಣ್ಣೆಯೂ ಮುಟ್ಟಿರಲಿಲ್ಲ ಮಾವ. ಟೀವಿಯಲ್ಲಿ ನೋಡಿದೆವಲ್ಲ, ಮನಸ್ಸಾಗಲಿಲ್ಲ."

ಎಣ್ಣೆ ಕಡಲ ದಂಡೆಗಿಂತ ಮೊದಲು ಜನರ ಮನಸ್ಸಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಯ ಮನೆ ಮಾಲೀಕರು ಸಾವಿರಾರು ಮಂದಿ ಪರಿಹಾರ ಕೇಳಲು ನಿಂತರು. ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿ ಎರಡು ಸಾವಿರ ಕೋಟಿ ಡಾಲರ್ ತೆಗೆದಿಡಲು ಒಪ್ಪಿತು. ಹಂಚುವ ಕೆಲಸವನ್ನು ಕೆನೆತ್ ಫೈನ್‌ಬರ್ಗ್ ಎಂಬ ವಕೀಲರಿಗೆ ಕೊಟ್ಟರು. ನ್ಯೂಯಾರ್ಕಿನ ಅವಳಿ ಗೋಪುರ ಉರುಳಿದಾಗ ಸತ್ತವರ ಮನೆಯವರಿಗೆ ಹಣ ಹಂಚಿದ್ದವರೂ ಇವರೇ.

"ಹಂಗೆ ಕೇಳ್ದೋರ್ಗೆಲ್ಲ ಕೊಟ್ಬುಟ್ರಾ?"

ಅಷ್ಟು ಸುಲಭವಾಗಿರಲಿಲ್ಲ. ಅಮೆರಿಕದಲ್ಲೂ ಹಳೆಯ ಕಾನೂನು ನಮ್ಮ ಮಹಜರಿನಂತೆಯೇ ಇತ್ತು. 1927ರಲ್ಲಿ ಒಂದು ಕಟ್ಲೆ ನಡೆಯಿತು. ರಿಪೇರಿಗೆ ಬಿಟ್ಟ ಹಡಗಿನ ಪ್ರೊಪೆಲರ್ ರೆಕ್ಕೆಯನ್ನು ರಿಪೇರಿಯವರೇ ಮುರಿದರು. ಆ ಹಡಗನ್ನು ಬಾಡಿಗೆಗೆ ಹಿಡಿದಿದ್ದವರು, ನಮ್ಮ ದಿನಗಳು ಹೋದವು ಎಂದು ಕೋರ್ಟಿಗೆ ಹೋದರು. ಅಲ್ಲಿಯ ಸುಪ್ರೀಂ ಕೋರ್ಟು, ಮುರಿದದ್ದು ನಿಮ್ಮ ಸ್ವತ್ತಲ್ಲ, ನಿಮಗೇನಿಲ್ಲ ಎಂದಿತು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಮಾತು ನಡೆಯಿತು. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಎಣ್ಣೆ ಸುರಿದ ಮೇಲೆ, 1990ರಲ್ಲಿ ಹೊಸ ಕಾಯ್ದೆ ಮಾಡಿದರು. ಸ್ವತ್ತು ಯಾರದೇ ಇರಲಿ, ಗಳಿಕೆ ಹೋದವನು ಕೇಳಬಹುದು ಎಂದರು. ಬಾರದವರ ಲೆಕ್ಕಕ್ಕೆ ಒಂದು ಕಾಲಂ ಬಂತು.

ಕಾಲಂ ತುಂಬುವ ಬಗೆಯೂ ಸೊಗಸಾಗಿದೆ. ಬಿಪಿ ಕಂಪನಿಯ ಜೊತೆಗಿನ 2012ರ ರಾಜಿಯಲ್ಲಿ ಒಂದು ಸೂತ್ರ ಇಟ್ಟರು. ಎಣ್ಣೆಗೆ ಹಿಂದಿನ ವರ್ಷಗಳಲ್ಲಿ ಎಷ್ಟು ಗಳಿಸಿದ್ದೆ, 2010ರಲ್ಲಿ ಎಷ್ಟು, ಆಮೇಲೆ ಎಷ್ಟು ಎಂದು ಗೆರೆ ಎಳೆದು ತೋರಿಸಬೇಕು. ಗೆರೆ ಇಳಿದು ಮತ್ತೆ ಏರಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಂಡರೆ ಎಣ್ಣೆಯಿಂದಲೇ ಆದ ನಷ್ಟ ಎಂದು ಒಪ್ಪಿಕೊಳ್ಳುವರು. ಕಡಲಿಗೆ ತೀರ ಹತ್ತಿರದ ವಲಯದವರಿಗೆ ಈ ಕಷ್ಟವೂ ಇಲ್ಲ, ಕಾರಣ ಎಣ್ಣೆಯೇ ಎಂದು ಮೊದಲೇ ಒಪ್ಪಿಗೆ. ದೂರ ಹೋದಷ್ಟೂ ಸಾಕ್ಷಿ ಜಾಸ್ತಿ ಬೇಕು. ಎಲ್ಲಕ್ಕೂ ಆಧಾರ ಒಂದೇ, ಆದಾಯ ತೆರಿಗೆ ಕಟ್ಟಿದ ಕಾಗದ.

ಬಾಮೈದ ಇಲ್ಲಿ ಸಣ್ಣಗೆ ಕೆಮ್ಮಿದ.

ನಾನು ಕೇಳದವನಂತೆ ಮುಂದುವರಿದೆ. ಎಣ್ಣೆ ಹೊರುವ ಟ್ಯಾಂಕರ್ ಹಡಗುಗಳಿಂದಾಗುವ ನಷ್ಟಕ್ಕೆ ಲಂಡನ್ನಿನಲ್ಲಿ ಒಂದು ಅಂತಾರಾಷ್ಟ್ರೀಯ ನಿಧಿ ಇದೆ, ನಮ್ಮ ದೇಶವೂ ಅದರ ಸದಸ್ಯ. 1999ರ ಕೊನೆಯಲ್ಲಿ ಫ್ರಾನ್ಸಿನ ಕಡಲಲ್ಲಿ ಎರಿಕಾ ಎಂಬ ಟ್ಯಾಂಕರು ಎರಡು ತುಂಡಾದಾಗ ಅಲ್ಲಿಯ ಹೋಟೆಲಿನವರು, ಡೇರೆ ಹಾಕಿಸುವವರು ಎಲ್ಲ ಈ ನಿಧಿಗೆ ಕೈಯೊಡ್ಡಿದ್ದರು. ಅವರು ಕೇಳುವ ಪ್ರಶ್ನೆ ನಾಲ್ಕು. ಒಂದೊಂದಾಗಿ ಬಾಮೈದನಿಗೇ ಹಾಕಿದೆ.

"ಕೆಟ್ಟ ಜಾಗಕ್ಕೂ ನಿನಗೂ ಎಷ್ಟು ದೂರ?"

"ಎರಡ್ ಹೊಲ."

"ಆ ಜಾಗವನ್ನು ನಿನ್ನ ವ್ಯಾಪಾರ ಎಷ್ಟು ನೆಚ್ಚಿಕೊಂಡಿದೆ?"

"ಬೋರ್ಡಲ್ಲೇ ಹೊಳೆ ಐತಲ್ಲ."

"ಬೇರೆ ದುಡಿಮೆಯ ದಾರಿ ಇದೆಯಾ?"

"ರೇಷ್ಮೆ ಐತೆ. ಅದ್ರ ರೇಟು ನೀವು ಕೇಳ್ಬ್ಯಾಡಿ."

"ಆ ಪ್ರದೇಶದ ಒಟ್ಟು ಬಾಳಿನಲ್ಲಿ ನಿನ್ನ ವ್ಯಾಪಾರ ಬೆರೆತಿದೆಯಾ?"

"ನಮ್ಮನೆ ಮದುವೆಗೆ ಊರೋರೆಲ್ಲ ಬಂದಿದ್ರು ಭಾವ."

ಲಂಡನ್ನಿನವರು ಕೇಳಿದ್ದರೆ ನಾಲ್ಕಕ್ಕೆ ನಾಲ್ಕೂ ಅಂಕ ಕೊಡುತ್ತಿದ್ದರೋ ಏನೋ. ಆದರೆ ಕನಕಪುರಕ್ಕೆ ಟ್ಯಾಂಕರು ಬರುವುದು ರಸ್ತೆಯಲ್ಲಿ, ಅದೂ ನೀರಿನದು.

ನಮ್ಮ ಕಡಲಿನ ಸುದ್ದಿಯೂ ಬಂತು. 2022ರ ಜೂನಿನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಕ್ಕು ಹೊತ್ತುಕೊಂಡೇ ಮುಳುಗಿ, ಅದರ ಎಣ್ಣೆ ಎಲ್ಲಿ ಸೋರುತ್ತದೋ ಎಂದು ಮಂಗಳೂರಿನವರು ಉಸಿರು ಬಿಗಿಹಿಡಿದಿದ್ದರು. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಕೇರಳ ಸರ್ಕಾರ 9,531 ಕೋಟಿ ಕೇಳಿ ಹೈಕೋರ್ಟಿಗೆ ಹೋಯಿತು. ಮುಳುಗಿದ ಹಡಗನ್ನು ಜಪ್ತಿ ಮಾಡಲಾದೀತೆ? ಅದೇ ಕಂಪನಿಯ ಬಳಗದ ಇನ್ನೊಂದು ಹಡಗು ವಿಳಿಂಜಂ ಬಂದರಿನಲ್ಲಿ ನಿಂತಿತ್ತು. ಅದನ್ನು ಬಂಧಿಸಿ ಎಂದು ಕೋರ್ಟು ಹೇಳಿತು.

"ಹಡಗ್ನೂ ಅರೆಸ್ಟ್ ಮಾಡ್ತಾರಾ?" ಬಾಮೈದ ಎದ್ದು ಕೂತ. "ಹಂಗಾದ್ರೆ ಹೊಳೆನೂ ಮಾಡ್ಬೌದಾ?"

ಯಾವ ಹೊಳೆಯನ್ನು ಹಿಡಿಯುವುದು? ಅರ್ಕಾವತಿ ಪಾಪ, ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ, ರಾಮನಗರ ಎಲ್ಲ ಹಾಯ್ದು, ಇದ್ದೂ ಇಲ್ಲದ ಹಾಗೆ ಕನಕಪುರದ ಕಡೆ ಬರುತ್ತದೆ. ಅದಕ್ಕೆ ತುಂಬಿದ ನೀರು ತಂದು ಸೇರಿಸುವುದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಪ್ರತೀತಿ, ಅದಕ್ಕೇ ಆ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕ ಹಾಯ್ದು, ಪೀಣ್ಯದ ಕಾರ್ಖಾನೆಗಳ ಕಡೆಯ ನೀರನ್ನೂ ಅರ್ಧ ಬೆಂಗಳೂರಿನ ಬಚ್ಚಲನ್ನೂ ಕೂಡಿಸಿಕೊಂಡು, ಕೆಂಗೇರಿ ದಾಟಿ, ಬಿಡದಿಯ ಹತ್ತಿರದ ಭೈರಮಂಗಲ ಕೆರೆಗೆ ಇಳಿಯುತ್ತದೆ. ಶುದ್ಧೀಕರಣ ಘಟಕಗಳು ಇವೆ, ಅವುಗಳ ಕಣ್ಣು ತಪ್ಪಿಸಿ ಬರುವ ನೀರೂ ಇದೆ. ಬಟ್ಟೆ ಸೋಪಿನ ಪುಡಿ ಬೆರೆತ ನೀರು ಕಟ್ಟೆಯಿಂದ ಧುಮುಕಿದಲ್ಲೆಲ್ಲ ಮಜ್ಜಿಗೆ ಕಡೆದಂತೆ ನೊರೆ ಏಳುತ್ತದೆ. ಆ ಕೆರೆಯ ಕೆಳಗಿನ ರೈತರು ಅದೇ ನೀರಿನಲ್ಲಿ ಬೇಬಿ ಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆದು ಬದುಕಿದ್ದಾರೆ. ನೀರು ಕೆಟ್ಟದ್ದು ಎಂಬುದು ಅವರ ದೂರು. ಅದನ್ನು ಬೇರೆ ಕಾಲುವೆಗೆ ತಿರುಗಿಸಲು ಹೊರಟಾಗ ನೀರೇ ಹೋಗುತ್ತದಲ್ಲ ಎಂಬುದೂ ಅವರದೇ ದೂರು. ಎರಡೂ ನ್ಯಾಯವೇ.

ಬಾಮೈದನಿಗೆ ಇನ್ನೊಂದು ಸಿಟ್ಟು. ಅವನ ಮನೆ ಇದ್ದಲ್ಲೇ ಇದ್ದು ಮೂರು ಜಿಲ್ಲೆ ಕಂಡಿದೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರ ಮೇನಲ್ಲಿ ಬೆಂಗಳೂರು ದಕ್ಷಿಣ. "ಬೆಂಗ್ಳೂರು ಅಂತ ಹೆಸ್ರು ಬಂದ್ರೆ ರೇಟು ಬತ್ತದೆ ಅಂದ್ರು. ಬೆಂಗ್ಳೂರ್ ಕೊಚ್ಚೆ ಮೊದ್ಲೇ ಬಂದಿತ್ತು ಭಾವ, ಹೆಸ್ರು ಆಮ್ಯಾಕೆ ಬಂತು."

ಆದರೂ ನಾನು ಅವನನ್ನು ಬರಿಗೈಯಲ್ಲಿ ಕಳಿಸುವವನಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆ ತೆಗೆದೆ. ಮಾಲಿನ್ಯದಿಂದ ನೊಂದವರಿಗೆ ಪರಿಹಾರ ಕೊಡುವ ಅಧಿಕಾರ ಅದಕ್ಕಿದೆ. ಯಾವುದಕ್ಕೆಲ್ಲ ಕೇಳಬಹುದು ಎಂಬ ಅನುಸೂಚಿ ಕೊನೆಯಲ್ಲಿದೆ. ಸಾವು, ಗಾಯ, ಔಷಧಿ ಖರ್ಚು, ದನಕರು, ಬೆಳೆ ಎಂದು ಬೆರಳಿಟ್ಟು ಇಳಿಯುತ್ತಾ ಹೋದರೆ, ಕೆಳಗೊಂದು ಸಾಲು: ವ್ಯಾಪಾರ ಅಥವಾ ಉದ್ಯೋಗ ನಷ್ಟ. ಮೂವತ್ತೆರಡು ವರ್ಷ ಹುಡುಕಿದ ಕಾಲಂ ನಿವೃತ್ತಿಯಾದ ಮೇಲೆ ಸಿಕ್ಕಿತು. ಮಾಲಿನ್ಯ ಆದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ಕೇಳುವ ಮೊತ್ತದ ನೂರಕ್ಕೆ ಒಂದರಷ್ಟು ಶುಲ್ಕ. ನಮ್ಮ ದಕ್ಷಿಣ ಪೀಠ ಇರುವುದು ಚೆನ್ನೈನಲ್ಲಿ.

"ಎಷ್ಟು ಕೇಳೋಣ?"

"ಎರಡ್ ಲಕ್ಷ."

"ಲೆಕ್ಕ?"

ನೋಟ್‌ಬುಕ್ಕು ಬಿಚ್ಚಿದ. ಎರಡು ಕೋಣೆ, ಒಂದಕ್ಕೆ ರಾತ್ರಿಗೆ ಎರಡು ಸಾವಿರ, ವಾರಕ್ಕೆ ಎರಡು ರಾತ್ರಿ, ಎಂಟು ವಾರ: 64,000. ರಜಾ ದಿನಗಳ ವಾರದ ನಡುವಿನ ಹತ್ತು ರಾತ್ರಿ, ಕೋಣೆಗೆ ಸಾವಿರದೈನೂರರಂತೆ: 30,000. ಒಟ್ಟು 94,000.

"ಉಳಿದ ಒಂದು ಲಕ್ಷದ ಆರು ಸಾವಿರ?"

"ಮನಸ್ಸಿನ ನೋವು."

ನೋಟ್‌ಬುಕ್ಕನ್ನು ಈಸಿಕೊಂಡು ಹಿಂದಿನ ಪುಟ ತಿರುವಿದೆ. ಚೆಂದದ ಪುಸ್ತಕ ಅದು. ಬಾಮೈದನ ಹೆಂಡತಿಯ ದುಂಡು ಅಕ್ಷರ. ಆದರೆ ಅದರಲ್ಲಿ ಇದ್ದದ್ದು: "ಕನ್ನಡಕದವರು, 4 ಜನ, ಮುದ್ದೆ ತಿನ್ನಲಿಲ್ಲ." "ಬಿಳಿ ಕಾರು, ಗಂಡ ಹೆಂಡತಿ, ಬೆಡ್‌ಶೀಟು ಮರೆತು ಒಯ್ದರು." "ಗಡ್ಡದವನು ಮತ್ತೆ ಬಂದ, ಕೋಳಿ 1." ದುಡ್ಡಿನ ಅಂಕಿ ಕೆಲವು ಕಡೆ ಮಾತ್ರ. ರಸೀದಿ ಇಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇಲ್ಲ. ತೆರಿಗೆಯ ಕಾಗದವಂತೂ ಕೇಳುವುದೇ ಬೇಡ.

"ಲೋ, ಬಾರದವರ ಲೆಕ್ಕ ಒಪ್ಪಿಸಬೇಕಾದರೆ ಬಂದವರ ಲೆಕ್ಕ ಸರಿಯಿರಬೇಕು ಕಣೋ. ಬಂದಾಗ ಯಾರಿಗೂ ಗೊತ್ತಾಗದ ಹಾಗೆ ಬಂತು ಆದಾಯ. ಈಗ ಹೋಯಿತು ಎಂದರೆ ನಂಬುವವರು ಯಾರು?"

ಬಾಮೈದ ಸುಮ್ಮನಾದ. ಆ ಮೌನ ನೋಡಿ ನನಗೇ ಸಂಕಟವಾಯಿತು. ಅವನೊಬ್ಬನ ತಪ್ಪೆ? ಹಳೆಯ ರಸ್ತೆಯ ಇಡ್ಲಿ ಹೋಟೆಲಿನವನು ಎಷ್ಟು ಇಡ್ಲಿಗೆ ಬಿಲ್ಲು ಹಾಕಿದ್ದ? ಬಣ್ಣದ ಬುಗುರಿ ಕೊಂಡ ಯಾವ ತಾಯಿ ರಸೀದಿ ಕೇಳಿದ್ದಳು? ಹೊಟ್ಟೆ ತುಂಬಿದ್ದು ನಿಜ, ಕಾಗದ ಮಾತ್ರ ಹುಟ್ಟಲಿಲ್ಲ.

"ಇರ್ಲಿ, ಬರೀರಿ ಭಾವ. ಇನ್ಮೇಲೆ ಎಲ್ಲ ಬರ್ದು ಮಡಗ್ತೀವಿ" ಎಂದ. ಹಾಳೆ ತೆಗೆದು, ಅರ್ಜಿದಾರರು ಎಂದು ಅವನ ಹೆಸರು ಬರೆದೆ. ಕೆಳಗೆ ಎದುರುದಾರರು ಎಂದು ಬರೆದು ಪೆನ್ನು ನಿಲ್ಲಿಸಿದೆ. ಎಣ್ಣೆಗಾದರೆ ಒಂದು ಕಂಪನಿ ಸಿಗುತ್ತದೆ, ಹಡಗಿಗೆ ಮಾಲೀಕ ಸಿಗುತ್ತಾನೆ, ಬೇಕಾದರೆ ಅದರ ತಂಗಿ ಹಡಗನ್ನೇ ಕಟ್ಟಿಹಾಕಬಹುದು. ನೊರೆಗೆ? ಒಂದು, ಎರಡು ಎಂದು ಇಲಾಖೆಗಳ ಹೆಸರು ಬರೆದೆ. ಮೂರು ಎಂದು ಬರೆದು ಕಿಟಕಿಯಾಚೆ ನೋಡಿದೆ. ನಮ್ಮ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಮಹಡಿ ಮೇಲೆ ನಮ್ಮ ಸೊಸೆಯ ವಾಷಿಂಗ್ ಮೆಷಿನ್ನು ಗುರುಗುಟ್ಟುತ್ತಿತ್ತು. ಪೈಪಿನಲ್ಲಿ ಗೊಳಗೊಳ ಎಂದು ನೀರು ಇಳಿಯುವ ಸದ್ದು ಕೇಳಿ, "ಮೂರನೆಯವರನ್ನು ಬೆಳಗ್ಗೆ ಬರೆಯೋಣ" ಎಂದು ಹಾಳೆ ಮಡಚಿಟ್ಟೆ.

ರಾತ್ರಿ ಜೋರು ಮಳೆ ಬಂತು. ಬಾಮೈದ ಹಜಾರದಲ್ಲಿ ಮಲಗಿ, ಮಳೆಯ ಸದ್ದಿಗೆ ಎರಡು ಸಲ ಎದ್ದು ಮನೆಗೆ ಫೋನು ಮಾಡಿದ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುವ ಆತುರದಲ್ಲಿ ಸ್ನಾನಕ್ಕೆ ಹೋದ. ನಮ್ಮದು ಬೋರ್‌ವೆಲ್ ನೀರು, ಬಲು ಗಡಸು. ಸೋಪು ಎಷ್ಟು ಉಜ್ಜಿದರೂ ಹತ್ತುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಕೂಗು ಕೇಳಿತು.

"ಅಕ್ಕಾ, ಇನ್ನೊಂದು ಸೋಪು ಕೊಡು. ಇಲ್ಲಿ ನೊರೆನೇ ಬರಾಕಿಲ್ವಲ್ಲ!"

ಅವರಕ್ಕ ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು: "ಇಲ್ಲಿ ಬರಾಕಿಲ್ಲ ಕಣೋ. ಊರಿಗೆ ಹೋಗು, ಅಷ್ಟೊತ್ಗೆ ಬಂದಿರ್ತದೆ."